ಗುಂಡಪ್ಪನ ಮಡಿಲಾಸನ

ಕೆಲವು ನಿರ್ಧಾರಗಳ ಮೇಲೆ ಮನೆತನಗಳ ಮಾನ ನಿಂತಿರುತ್ತದೆ, ಕೆಲವುಗಳ ಮೇಲೆ ರಾಜ್ಯಗಳ ಅಳಿವು ಉಳಿವು. ಹುಟ್ಟಿ ಎಂಟು ದಿನವಾದ ಕೂಸಿಗೆ ಕಾರಿನಲ್ಲಿ ಯಾವ ಸೀಟು ಹಾಕಿಸಬೇಕು ಎಂಬುದು ಈ ಎರಡೂ ಬಗೆಗೆ ಸೇರಿದ ನಿರ್ಧಾರವೆಂದು ಗದಗಿನ ಅಡಿವೆಪ್ಪ ಹೊಸಮನಿಯವರಿಗೆ ಮನೆಯವರೆಲ್ಲ ಒಂದು ವಾರದಿಂದ ತಿಳಿಹೇಳುತ್ತಿದ್ದರು. ಹೀಗಾಗಿ ಅವರು ಮದುವೆಗಳಿಗೆ ಮಾತ್ರ ಹಾಕುವ ಅಂಗಿ ಹಾಕಿಕೊಂಡು, ಹೆಂಡತಿ ಕಾಶವ್ವನನ್ನು ಕರೆದುಕೊಂಡು, ಸ್ಟೇಶನ್ ರಸ್ತೆಯ ಅಂಗಡಿಗೆ ಬಂದು ಕೂತಿದ್ದರು. ಅವರೆದುರಿಗೆ ಒಂದು ಸೀಟು ಚಾವಣಿಯಿಂದ ಕೆಳಗೆ ಬೀಳುತ್ತಿತ್ತು.

ಬೀಳುತ್ತಿದ್ದುದು ನಾಲ್ಕನೆಯ ಸಲ. ಅದರೊಳಗೆ ಮರಳು ತುಂಬಿದ ಗೊಂಬೆಯೊಂದಿತ್ತು. ನೆಲ ಮುಟ್ಟುವಷ್ಟರಲ್ಲಿ ಸೀಟಿನ ಅಂಚಿನಿಂದ ಐದು ಮೆತ್ತನೆಯ ಪಟ್ಟಿಗಳು ಬೆರಳುಗಳಂತೆ ಎದ್ದು ಗೊಂಬೆಯನ್ನು ಹಿಡಿದುಕೊಂಡವು. ಸೀಟು ತನ್ನನ್ನು ತಾನೇ ಮೊಗ್ಗಿನ ಹಾಗೆ ಮುಚ್ಚಿಕೊಂಡು, ನೆಲಕ್ಕೆ ಬಡಿದು, ಎರಡು ಸಲ ಪುಟಿದು, ಮತ್ತೆ ಅರಳಿತು. ಗೊಂಬೆಯ ಎದೆಯ ಮೇಲಿಟ್ಟಿದ್ದ ಗಾಜಿನ ಬಳೆ ಇಟ್ಟಲ್ಲೇ ಇತ್ತು. ಅಂಗಡಿಯ ಜೈಬುನ್ನಿಸಾ ಎಂಬ ಹೆಣ್ಣುಮಗಳು ಬಳೆಯನ್ನು ಎತ್ತಿ ತೋರಿಸಿ, ಇನ್ನೊಮ್ಮೆ ಬೀಳಿಸಲೇ ಎಂದು ಕೇಳಿದಳು. ಅಡಿವೆಪ್ಪನವರು ಸಾಕೆಂದರು.

ಇದಕ್ಕೆ ಮಡಿಲಾಸನವೆಂದು ಹೆಸರು. ಧಾರವಾಡದ ಶಿಶುಸಂಚಾರ ಸಂಶೋಧನಾಲಯದಲ್ಲಿ ಡಾ. ವಸುಮತಿ ಇನಾಮದಾರ ಎಂಬ ವಿಜ್ಞಾನಿ ಹದಿನೇಳು ವರ್ಷ ದುಡಿದು ಇದನ್ನು ಕಂಡುಹಿಡಿದಿದ್ದರು. ಇದರ ಮೆತ್ತೆಯೊಳಗೆ ಸಾಸಿವೆ ಕಾಳಿನಷ್ಟು ದಪ್ಪದ ಮೂರು ಸಾವಿರ ಸ್ಪರ್ಶಕಣಗಳಿದ್ದು, ಮಲಗಿದ ಕೂಸಿನ ತೂಕ, ಮೈಬಿಸಿ, ಎದೆಬಡಿತ, ಬೆನ್ನಿನ ಬಾಗು, ಕೈಕಾಲಿನ ಅಳತೆ ಇವೆಲ್ಲವನ್ನೂ ಓದುತ್ತವೆ. ಓದಿದ್ದನ್ನು ಎರಡು ಕಡೆ ತಿಳಿಸುತ್ತವೆ. ಒಂದು, ವಾಹನಕ್ಕೆ. ರಸ್ತೆಯ ಮೇಲೆ ಓಡುವುದೆಲ್ಲ ತನ್ನನ್ನು ತಾನೇ ನಡೆಸಿಕೊಳ್ಳುವ ಸ್ವಯಂಚಾಲಿಯಾಗಿದ್ದ ಕಾಲವದು. ಬಾಗಿಲ ಮೇಲಿನ ಯಂತ್ರದ ಕಣ್ಣು ಎರಡು ವರ್ಷದೊಳಗಿನ ಕೂಸುಗಳು ಎಷ್ಟು ಹತ್ತಿದವೆಂದು ಎಣಿಸುತ್ತದೆ. ಅಷ್ಟು ಮಡಿಲಾಸನಗಳು ‘ನನ್ನ ಕೂಸು ಬಂದಿದೆ’ ಎಂದು ಹೇಳುವ ತನಕ ಕಾರಾಗಲಿ ಬಸ್ಸಾಗಲಿ ರೈಲಿನ ಡಬ್ಬಿಯಾಗಲಿ ಅಲುಗುವುದಿಲ್ಲ. ಎರಡನೆಯದು, ಶಿಶುಕ್ಷೇಮ ಮಂಡಳಿಗೆ. ನಾಡಿನ ಕೂಸುಗಳಿಗೆ ಏನೇನು ಕಾಯಿಲೆಯಿದೆ, ಯಾವ ಊರಲ್ಲಿ ಯಾವ ಚಿಕಿತ್ಸಾಲಯ ಬೇಕು ಎಂಬುದನ್ನು ಮಂಡಳಿ ಈ ಸೀಟುಗಳ ವರದಿಯಿಂದಲೇ ತೀರ್ಮಾನಿಸುತ್ತಿತ್ತು. ಡಾಕ್ಟರುಗಳನ್ನು ಕೇಳುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಡಾಕ್ಟರುಗಳು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಅಡಿವೆಪ್ಪನವರು ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು. ಒಂದು ಕೋಳಿಯನ್ನೂ ಮೆಟ್ಟಿದವರಲ್ಲ. ಬಸ್ಸುಗಳಿಂದ ಸ್ಟೇರಿಂಗ್ ಚಕ್ರ ತೆಗೆದ ವರ್ಷ ಅವರನ್ನೂ ಹಾರ ಹಾಕಿ ತೆಗೆದಿದ್ದರು. ಈಗಲೂ ಯಾವ ವಾಹನದಲ್ಲಿ ಕೂತರೂ ತಿರುವು ಬಂದಾಗ ಅವರ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು.

ಜೈಬುನ್ನಿಸಾ ಎರಡು ಬಗೆಯ ಸೀಟುಗಳನ್ನು ಮುಂದಿಟ್ಟಳು. ಬೂದು ಬಣ್ಣದ್ದು ಬಹುಶಿಶು, ಅದಕ್ಕೆ ನೆನಪಿಲ್ಲ. ಪ್ರತಿ ಸಲ ಮಲಗಿಸಿದಾಗಲೂ ಹೊಸದಾಗಿ ಕೂಸನ್ನು ಓದಿಕೊಳ್ಳುತ್ತದೆ, ಯಾರ ಕೂಸಾದರೂ ನಡೆಯುತ್ತದೆ, ರಕ್ಷಣೆ ಮಧ್ಯಮ. ಕುಂಕುಮ ಬಣ್ಣದ್ದು ಏಕಶಿಶು. ಅದರಲ್ಲಿ ಮೊಟ್ಟಮೊದಲು ಮಲಗಿದ ಮೈಯನ್ನು ಅದು ಹನ್ನೊಂದು ನಿಮಿಷ ಓದಿ ಕಲಿಯುತ್ತದೆ. ಇದಕ್ಕೆ ಪ್ರಥಮಶಯನವೆಂದು ಹೆಸರು. ಆಮೇಲೆ ಎರಡು ವರ್ಷ ಆ ಕೂಸು ಬಿಟ್ಟರೆ ಬ್ರಹ್ಮ ಬಂದು ಮಲಗಿದರೂ ಅದು ಒಪ್ಪುವುದಿಲ್ಲ. ರಕ್ಷಣೆ ಪರಮಾವಧಿ. ಒಂದು ಜನನ ಸಂಖ್ಯೆಗೆ ಒಂದೇ ಸೀಟು. ಆರಿಸಿದ ಮೇಲೆ ಬದಲಾವಣೆಯಿಲ್ಲ.

ಮಗಳ ಚೊಚ್ಚಲ ಕೂಸಿಗೆ ತವರಿನವರು ತೊಟ್ಟಿಲು ಕೊಡುವುದು ಆ ಕಡೆಯ ರೂಢಿ. ಮಡಿಲಾಸನಕ್ಕೆ ನಾಲ್ಕು ಕೊಂಡಿ ಹಾಕಿ ಮನೆಯ ತೊಲೆಗೆ ತೂಗುಬಿಡಲು ಬರುತ್ತಿದ್ದುದರಿಂದ ತೊಟ್ಟಿಲ ಮರ್ಯಾದೆಯೆಲ್ಲ ಈಗ ಅದಕ್ಕೆ ಬಂದಿತ್ತು, ಮತ್ತು ಮರ್ಯಾದೆಯ ಹಿಂದೆ ಬರುವ ತಕರಾರುಗಳೂ ಬಂದಿದ್ದವು.

“ಬೂದಿ ಬಣ್ಣದ್ದು ಒಯ್ದ್ರ ಬೀಗತಿ ಏನಂದಾಳು?” ಎಂದಳು ಕಾಶವ್ವ. “ಬಸ್ಸಿನ ಸೀಟ್ ಕಿತ್ತು ಕೊಟ್ಟಾರ ಅಂತಾಳ.”

“ಬಸ್ಸಿನ ಸೀಟಿಗೆ ಏನಾಗೇತಿ? ಮೂವತ್ತೊಂದು ವರ್ಷ ಮಂದಿ ಅದರಾಗs ಕುಂತು ಬಂದಾರ.”

“ಕುಂತು ಬಂದಾರ, ಉಗುಳಿ ಹೋಗ್ಯಾರ.”

ಜೈಬುನ್ನಿಸಾ ನಗುವನ್ನು ತಡೆದುಕೊಂಡು ತನ್ನ ಫಾರಮನ್ನು ಮುಂದಿಟ್ಟುಕೊಂಡಳು. ಅದರಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿತ್ತು. “ಕೂಸು ಆರಾಮ ಐತೆಲ್ರಿ ಅಮ್ಮಾರ? ಮೈಕೈಗೆ ಏನೂ ತೊಂದ್ರಿ ಇಲ್ಲಲಾ?”

“ಆರಾಮ ಐತಿ,” ಎಂದಳು ಕಾಶವ್ವ, ಪ್ರಶ್ನೆ ಮುಗಿಯುವುದಕ್ಕೆ ಮೊದಲೇ.

ಅಡಿವೆಪ್ಪನವರು ಹೆಂಡತಿಯ ಮುಖ ನೋಡಿದರು, ಆಮೇಲೆ ತಮ್ಮ ಚಪ್ಪಲಿ ನೋಡಿದರು. ಕೂಸಿನ ಎರಡೂ ಪಾದಗಳು ಒಳಕ್ಕೆ ತಿರುಗಿದ್ದವು. ಅಂಗಾಲುಗಳು ಒಂದನ್ನೊಂದು ನೋಡುತ್ತ, ಕೈಮುಗಿದ ಹಾಗೆ ಕಾಣುತ್ತಿದ್ದವು. ಹೆರಿಗೆ ಮಾಡಿಸಿದ ಡಾಕ್ಟರು ಹೆದರಬೇಡಿ ಎಂದಿದ್ದರು. ಎಳೆಯ ಎಲುಬು ಹಸಿ ಮಣ್ಣಿದ್ದ ಹಾಗೆ, ಪ್ರತಿ ಗುರುವಾರ ಹುಬ್ಬಳ್ಳಿಯ ಪಾದ ಚಿಕಿತ್ಸಾಲಯಕ್ಕೆ ಒಯ್ದು ಸ್ವಲ್ಪ ಸ್ವಲ್ಪವೇ ತಿರುಗಿಸಿ ಪ್ಲಾಸ್ಟರ್ ಹಾಕಿಸಿದರೆ ನೆಟ್ಟಗಾಗುತ್ತವೆ, ಆರು ತಿಂಗಳು ದಾಟಿದರೆ ಕಷ್ಟ. ಇದಿಷ್ಟನ್ನು ಅಂಗಡಿಯಲ್ಲಿ ಹೇಳಿದ್ದರೆ ಜೈಬುನ್ನಿಸಾ ಸುಮ್ಮನೆ ಬೂದು ಬಣ್ಣದ್ದನ್ನು ಕಟ್ಟಿ ಕೊಡುತ್ತಿದ್ದಳು. ಆದರೆ ಹೆಣ್ಣು ಕೂಸಿನ ಐಬನ್ನು ಪೇಟೆಯಲ್ಲಿ ಕೂತು ಹೇಳುವುದೆಂದರೇನು? ಅದರ ಮದುವೆಗೆ ಇನ್ನು ಇಪ್ಪತ್ತೈದೇ ವರ್ಷ ಉಳಿದಿತ್ತು.

ಕುಂಕುಮ ಬಣ್ಣದ ಸೀಟು ಮನೆಗೆ ಬಂತು.

ಹದಿಮೂರನೆಯ ದಿನ ಸಂಜೆ ಹೆಸರಿಡುವ ಕಾರ್ಯ. ಬಾಣಂತಿ ಸುವರ್ಣಾ ಹಸಿರು ಸೀರೆಯುಟ್ಟು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೂಸಿನ ಕಾಲುಗಳಿಗೆ ದುಪಟಿ ಸುತ್ತಿತ್ತು. ತೊಲೆಗೆ ತೂಗುಹಾಕಿದ ಮಡಿಲಾಸನಕ್ಕೆ ಸೇವಂತಿಗೆ ಮಾಲೆ ಬಿಟ್ಟಿದ್ದರು. ಅಡಿವೆಪ್ಪನವರು ಸೀಟಿನ ಜೊತೆ ಬಂದ ಪುಸ್ತಿಕೆಯನ್ನು ಬಸ್ಸಿನ ನಿಯಮಾವಳಿ ಓದಿದ ಶ್ರದ್ಧೆಯಿಂದಲೇ ಓದಿದ್ದರು. ಮೊದಲು ಕೂಸೇ ಮಲಗಬೇಕು, ಬೇರೇನನ್ನೂ ಇಡಬೇಡಿ ಎಂದು ಎಲ್ಲರಿಗೂ ಹೇಳಿದ್ದರು. ಆದರೆ ಮುಂಡರಗಿಯಿಂದ ಅವರ ಅಕ್ಕ ಗಂಗವ್ವ ಬಂದಿಳಿದಿದ್ದಳು, ಮತ್ತು ಪುಸ್ತಿಕೆಗಳು ಹುಟ್ಟುವುದಕ್ಕೆ ಮೊದಲಿನಿಂದಲೂ ಗಂಗವ್ವ ಇದ್ದಳು.

ಬರಿದಾದ ತೊಟ್ಟಿಲಲ್ಲಿ ನೇರವಾಗಿ ಕೂಸನ್ನು ಮಲಗಿಸಬಾರದು. ಮೊದಲು ರುಬ್ಬುವ ಗುಂಡುಕಲ್ಲನ್ನು ತೊಳೆದು, ಅರಿಸಿನ ಹಚ್ಚಿ, ಕುಂಚಿಗೆ ತೊಡಿಸಿ, ಗುಂಡಪ್ಪನೆಂದು ಕರೆದು ಮಲಗಿಸಿ ತೂಗಬೇಕು. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ, ದೃಷ್ಟಿಯೆಲ್ಲ ಕಲ್ಲಿಗೆ ಹೋಗಲಿ ಎಂದು. ಇದನ್ನು ಬಿಡುವ ಮಾತನ್ನು ಗಂಗವ್ವ ಕೇಳಿಸಿಕೊಳ್ಳಲೂ ಇಲ್ಲ.

“ನೀ ಹುಟ್ಟಿದಾಗೂ ಮಲಗಿದ್ದ ಗುಂಡಪ್ಪ,” ಎಂದಳು ತಮ್ಮನಿಗೆ. “ಅದಕs ನಿನ್ನ ತಲಿ ಇಷ್ಟು ಗಟ್ಟಿ ಐತಿ.”

“ಎಷ್ಟೊತ್ತು ಮಲಗಬೇಕು ಅಕ್ಕಾ ಅಂವಾ?”

“ಹಾಡು ಮುಗಿಯೂತನಾ.”

ಅಡಿವೆಪ್ಪನವರು ಲೆಕ್ಕ ಹಾಕಿದರು. ಒಂದು ಹಾಡೆಂದರೆ ಮೂರು ನಿಮಿಷ, ಎಳೆದರೆ ನಾಲ್ಕು. ಸೀಟಿಗೆ ಬೇಕಾದದ್ದು ಹನ್ನೊಂದು. ಅಕ್ಕನ ಮಾತೂ ಉಳಿಯಿತು, ಪುಸ್ತಿಕೆಯ ಮಾತೂ ಉಳಿಯಿತು ಎಂದು ಅವರು ಒಪ್ಪಿಕೊಂಡರು. ಗುಂಡಪ್ಪ ಕುಂಚಿಗೆ ತೊಟ್ಟು ಮಲಗಿದ. ಹಾಡು ಶುರುವಾಯಿತು, ಮೂರೂವರೆ ನಿಮಿಷಕ್ಕೆ ಮುಗಿಯಿತು. ಮುಗಿದ ಕೂಡಲೇ ಗಂಗವ್ವನಿಗೆ ತನ್ನ ಅತ್ತೆ ಹೇಳುತ್ತಿದ್ದ ಇನ್ನೊಂದು ಹಾಡು ನೆನಪಾಯಿತು. ಅದರಲ್ಲಿ ಬಂಧುಗಳ ಹೆಸರನ್ನೆಲ್ಲ ಸೇರಿಸಿ ಹಾಡಬೇಕಿತ್ತು, ಮತ್ತು ಬಂಧುಗಳು ಬಹಳ ಮಂದಿ ಇದ್ದರು. ಪಡಸಾಲೆಯ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ ಅಡಿವೆಪ್ಪನವರು ಒಂಬತ್ತನೆಯ ನಿಮಿಷಕ್ಕೆ ಒಳಗೆ ಕಾಲಿಟ್ಟರು. ಹೆಂಗಸರ ನಡುವೆ ಗಂಡಸಿಗೇನು ಕೆಲಸವೆಂದು ಮೂವರು ಒಟ್ಟಿಗೆ ಕೇಳಿದರು. ಅವರು ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಸ್ವಲ್ಪ ಹೊತ್ತಿಗೆ ಸೀಟು ಹೊಟ್ಟೆ ತುಂಬಿದ ಕೂಸಿನ ತೇಗಿನಂಥ ಸದ್ದು ಮಾಡಿತು. ಅದರ ಅಂಚಿನಲ್ಲಿ ಹಸಿರು ಬೆಳಕು ಹರಿದಾಡಿತು. ಹೆಂಗಸರು ಶುಭವೆಂದು ಆರತಿ ಎತ್ತಿದರು.

ಆಮೇಲೆ ಸೋದರತ್ತೆ ಕೂಸಿನ ಕಿವಿಯಲ್ಲಿ ನೀಲಾಂಬಿಕಾ ಎಂದು ಹೇಳಿ ಅದನ್ನು ತೊಟ್ಟಿಲಿಗೆ ಹಾಕಿದಳು. ಸೀಟು ಕೆಂಪಾಯಿತು. ಐದು ಪಟ್ಟಿಗಳೂ ಬಿಚ್ಚಿಕೊಂಡು, ಮುಟ್ಟಬಾರದ್ದನ್ನು ಮುಟ್ಟಿದ ಹಾಗೆ, ಹಿಂದಕ್ಕೆ ಸರಿದವು.

ಹದಿನೈದನೆಯ ದಿನ ಗುರುವಾರ. ಕಾರು ಮನೆಯ ಮುಂದೆ ಬಂದು ನಿಂತು, ಕೂಸನ್ನು ಎಣಿಸಿಕೊಂಡು, ಸೀಟನ್ನು ಕೇಳಿತು. ಸೀಟು ತನ್ನ ಕೂಸು ಬಂದಿಲ್ಲವೆಂದಿತು. ಸುವರ್ಣಾ ಕೂಸನ್ನು ಮಲಗಿಸಿ ಎತ್ತಿ, ಎತ್ತಿ ಮಲಗಿಸಿ, ಕೊನೆಗೆ ತಾನೂ ಅಳುವ ಕೂಸಿನ ಪಕ್ಕದಲ್ಲಿ ಸುಮ್ಮನೆ ಕೂತುಬಿಟ್ಟಳು. ಒಂದು ತಾಸು ಕಾದು ಕಾರು ಹೊರಟುಹೋಯಿತು. ಮಂಡಳಿಯ ಸಹಾಯವಾಣಿ ವಿನಯದಿಂದ ಮೂರು ಸಂಗತಿ ತಿಳಿಸಿತು: ಎರಡನೆಯ ಸೀಟು ಕೊಡಲು ಬರುವುದಿಲ್ಲ, ಕಲಿಕೆಯನ್ನು ಅಳಿಸಲು ಅರ್ಜಿ ಹಾಕಿದರೆ ವಿಚಾರಣೆಗೆ ಎಂಟು ತಿಂಗಳು, ಸೀಟನ್ನು ಪೋಷಕರೇ ಒಡೆದರೆ ಅದು ಶಿಶುಹಿಂಸೆ. ಮೂರನೆಯದನ್ನು ಕೇಳಿ ಅಡಿವೆಪ್ಪನವರು ಕೈಯಲ್ಲಿದ್ದ ಸುತ್ತಿಗೆಯನ್ನು ಗೂಡಿನಲ್ಲಿಟ್ಟರು.

ಶುಕ್ರವಾರ ಅವರು ಒಬ್ಬರೇ ಬಸ್ಸು ಹತ್ತಿ ಧಾರವಾಡಕ್ಕೆ ಹೋದರು.

ಡಾ. ಇನಾಮದಾರ ಐವತ್ತೈದರ ಆಸುಪಾಸಿನ ಹೆಂಗಸು. ಅವರ ಕೋಣೆಯ ಗೋಡೆಯುದ್ದಕ್ಕೂ ದೂರಿನ ಕಡತಗಳಿದ್ದವು. ಕೂಸಿಗೆ ಸ್ವೆಟರು ಹಾಕಿದ್ದಕ್ಕೆ ಸೀಟು ಒಪ್ಪಲಿಲ್ಲ, ಲಸಿಕೆ ಹಾಕಿ ತೊಡೆ ಊದಿದ್ದಕ್ಕೆ ಒಪ್ಪಲಿಲ್ಲ, ತಲೆ ಬೋಳಿಸಿದ್ದಕ್ಕೆ ಒಪ್ಪಲಿಲ್ಲ. ಅಡಿವೆಪ್ಪನವರ ಕತೆಯನ್ನು ಅವರು ನಡುವೆ ಬಾಯಿ ಹಾಕದೆ ಕೇಳಿದರು. ಕೊನೆಗೆ ಕಲ್ಲಿನ ತೂಕವೆಷ್ಟೆಂದರು. ಮೂರು ಕಿಲೋ ಮುನ್ನೂರು ಗ್ರಾಂ. ಕೂಸಿನದು? ಎರಡು ಕಿಲೋ ಏಳುನೂರು.

“ಹಂಗಾದ್ರ ಗುಂಡಪ್ಪನs ಹೆಚ್ಚು ಆರೋಗ್ಯವಂತ,” ಎಂದರು ಡಾಕ್ಟರು.

ಅಡಿವೆಪ್ಪನವರಿಗೆ ನಗು ಬರಲಿಲ್ಲ. “ನಾ ಓದಿದಾಂವ ಅಲ್ರಿ ಬಾಯಾರ. ಕಲ್ಲಿಗೂ ಕೂಸಿಗೂ ಫರಕ ನನಗ ಗೊತ್ತಾಗತೈತಿ. ಮೂರು ಸಾವಿರ ಕಣ್ಣಿರೋ ನಿಮ್ಮ ಸೀಟಿಗೆ ಗೊತ್ತಾಗಲಿಲ್ಲೇನ್ರಿ?”

“ಮೊದಲ ಗೊತ್ತಾಗತಿತ್ತು. ನಾನs ಅದನ್ನ ತಗದುಹಾಕಿದೆ,” ಎಂದರು ಡಾಕ್ಟರು. “ಮೊದಲನೇ ಸೀಟಿಗೆ ಅನುಮಾನ ಪಡೂದು ಕಲಿಸಿದ್ದೆ. ಏಳನೇ ತಿಂಗಳಿಗೆ ಹುಟ್ಟಿದ ಒಂದು ಕೂಸು ಬಂತು. ಮೈ ತಣ್ಣಗ, ಉಸಿರು ಇದ್ದೂ ಇಲ್ಲದಂಗ. ಸೀಟು ತಾಯಿ ಎದುರಿಗೇ ಹೇಳಿತು, ಇದು ಕೂಸಲ್ಲ ಅಂತ. ಆಕಿ ಸೀಟಿನ ಕಡೆ ನೋಡಲಿಲ್ಲ, ನನ್ನ ಮಾರಿ ನೋಡಿದ್ಲು. ಅವತ್ತs ಆ ಅನುಮಾನ ಕಿತ್ತು ಒಗದೆ. ಮೊದಲ ಯಾರು ಮಲಗ್ತಾರೋ ಅವರು ನಿನ್ನ ಕೂಸು, ಹೆಂಗಿದ್ರೂ ನಿನ್ನ ಕೂಸು ಅಂತ ಕಲಿಸಿದೆ.”

“ಚಲೋ ಮಾಡಿದ್ರಿ,” ಎಂದರು ಅಡಿವೆಪ್ಪನವರು. ಆ ಮಾತು ಮನಸ್ಸಿನಿಂದಲೇ ಬಂದದ್ದು ಅವರಿಗೇ ಬೇಸರ ತರಿಸಿತು.

ಡಾಕ್ಟರು ಇನ್ನೊಂದು ಸಂಗತಿಯನ್ನೂ ಹೇಳಿದರು. ಸೀಟು ಸರಿಯಾಗಿ ನೀಲಾಂಬಿಕೆಯನ್ನೇ ಕಲಿತಿದ್ದರೂ ಒಂದೇ ವಾರ ನಡೆಯುತ್ತಿತ್ತು. ಪ್ಲಾಸ್ಟರ್ ಬಿದ್ದ ಕೂಡಲೇ ಒಂದೇ ದಿನದಲ್ಲಿ ತೂಕ ಏರಿ ಕಾಲಿನ ಆಕಾರ ಬದಲಾಗಿ, ಯಾರೋ ಕೂಸನ್ನು ಬದಲಾಯಿಸಿದ್ದಾರೆಂದು ಸೀಟು ತಿಳಿಯುತ್ತಿತ್ತು. ಇಂಥವರಿಗೆಂದೇ ಬಹುಶಿಶು ಇಟ್ಟಿದ್ದು. ಅಂಗಡಿಯಲ್ಲಿ ಕಾಲಿನ ವಿಷಯ ಕೇಳಲಿಲ್ಲವೇ ಎಂದರು. ಅಡಿವೆಪ್ಪನವರು ಕಿಟಕಿಯ ಹೊರಗೆ ನೋಡಿದರು. ಅಲ್ಲಿ ನೋಡುವಂಥದೇನೂ ಇರಲಿಲ್ಲ.

“ಒಂದು ಮಾತು ಖರೆ,” ಎಂದರು ಡಾಕ್ಟರು, ಏಳುವವರ ಹಾಗೆ ಕುರ್ಚಿ ಸರಿಸುತ್ತ. “ನಾ ಮಾಡಿದ ಸೀಟುಗಳಾಗ ನಿಮ್ಮದರಷ್ಟು ಸಮಾಧಾನದ್ದು ಇನ್ನೊಂದಿಲ್ಲ. ಅದರ ಕೂಸು ಅಳಂಗಿಲ್ಲ, ಬೆಳಿಯಂಗಿಲ್ಲ, ಊದಂಗಿಲ್ಲ. ಗುಂಡಪ್ಪನ್ನ ಕೂಡ್ರಿಸಿದ್ರ ಅದು ಎಲ್ಲಿ ಬೇಕಾದ್ರೂ—”

ಅಷ್ಟಕ್ಕೆ ಅವರು ನಿಲ್ಲಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಾನೇನೂ ಹೇಳಿಲ್ಲ ಎಂದರು ವಿಜ್ಞಾನಿ. ತಮಗೆ ಮೊದಲೇ ಕಿವಿ ಮಂದ ಎಂದರು ಅಡಿವೆಪ್ಪನವರು.

ಮುಂದಿನ ಗುರುವಾರ ಕಾರು ಒಂದು ಕೂಸನ್ನು ಎಣಿಸಿಕೊಂಡಿತು, ಸೀಟು ತನ್ನ ಕೂಸು ಬಂದಿದೆ ಎಂದಿತು, ಲೆಕ್ಕ ಸರಿಹೋಯಿತು. ಯಾವ ಕೂಸು ಎಲ್ಲಿದೆ ಎಂದು ನೋಡುವುದು ಕಾರಿನ ಕೆಲಸವಾಗಿರಲಿಲ್ಲ. ಗುಂಡಪ್ಪ ಕುಂಕುಮ ಬಣ್ಣದ ಮೆತ್ತೆಯಲ್ಲಿ ಐದು ಪಟ್ಟಿಗಳ ಅಪ್ಪುಗೆಯಲ್ಲಿ ಮಲಗಿದ್ದ. ನೀಲಾಂಬಿಕೆ ಕಾಶವ್ವನ ತೊಡೆಯ ಮೇಲೆ ಸೆರಗಿನ ಮರೆಯಲ್ಲಿದ್ದಳು. ಹೀಗೆ ತೊಡೆಯ ಮೇಲೆ ಕೂತ ಸಾವಿರಾರು ಕೂಸುಗಳನ್ನು ಅಡಿವೆಪ್ಪನವರು ಇದೇ ರಸ್ತೆಯಲ್ಲಿ ಹುಬ್ಬಳ್ಳಿ ಮುಟ್ಟಿಸಿದ್ದರು. ಆಗ ಬ್ರೇಕು ಅವರ ಕಾಲಲ್ಲಿತ್ತು. ಅಣ್ಣಿಗೇರಿ ದಾಟುವವರೆಗೆ ಅವರ ಬಲಗಾಲು ನೆಲದಿಂದ ಮೇಲೇಳಲಿಲ್ಲ.

ಚಿಕಿತ್ಸಾಲಯದಲ್ಲಿ ಪ್ಲಾಸ್ಟರ್ ಹಾಕುವವನು ದಾವಲಸಾಬ. ಅಗಲ ಅಂಗೈಯ, ಸಣ್ಣ ದನಿಯ ಮನುಷ್ಯ. ಕೂಸಿನ ಪಾದವನ್ನು ಹೆಬ್ಬೆರಳಿನಿಂದ ಒತ್ತಿ, ಅದು ಒಪ್ಪಿದಷ್ಟೇ ತಿರುಗಿಸಿ, ಒದ್ದೆ ಪಟ್ಟಿ ಸುತ್ತುತ್ತಿದ್ದ. ಹದಿನಾರು ಕೂಸುಗಳು ಬರಬೇಕಾದ ದಿನ ಐದೋ ಆರೋ ಬರುತ್ತಿದ್ದವು. ಒಂದು ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಎರಡನೆಯದಕ್ಕೆ ಬರಲಾಗುತ್ತಿರಲಿಲ್ಲ, ಸೀಟು ಬಿಡುತ್ತಿರಲಿಲ್ಲ.

ಮಗಳ ಕೂಸು ಆರಾಮವಾಗಿದೆ ಎಂದು ಅಂಗಡಿಯಲ್ಲಿ ಸುಳ್ಳು ಹೇಳಿದ ಕಾಶವ್ವ ಇಲ್ಲಿನ ಬೆಂಚಿನ ಮೇಲೆ ಎಲ್ಲವನ್ನೂ ಹೇಳಿದಳು. ಇಲ್ಲಿ ಎಲ್ಲರ ತೊಡೆಯ ಮೇಲೂ ಅಂಥವೇ ಪಾದಗಳಿದ್ದವು. ಕೇಳಿದವರ ಕೂಸುಗಳಿಗೆ ಉಪಯೋಗವಾಗಲಿಲ್ಲ, ಅವರ ಸೀಟುಗಳು ಆಗಲೇ ಕಲಿತುಬಿಟ್ಟಿದ್ದವು. ಆದರೆ ಅವರಿಗೆ ಬಸುರಿ ತಂಗಿಯರಿದ್ದರು, ನಾದಿನಿಯರಿದ್ದರು, ಓಣಿಯಲ್ಲಿ ಗೆಳತಿಯರಿದ್ದರು. ಸೊಟ್ಟ ಪಾದವಿಲ್ಲದವರಿಗೂ ಸ್ವೆಟರಿನ, ಲಸಿಕೆಯ ಕಾಟ ತಪ್ಪಬೇಕಿತ್ತು. ಮಾತು ಧಾರವಾಡಕ್ಕೆ ಹೋಯಿತು, ದಾವಣಗೆರೆಗೆ ಹೋಯಿತು, ಬೆಂಗಳೂರಿನ ಇಪ್ಪತ್ತು ಅಂತಸ್ತಿನ ಮನೆಗಳಿಗೂ ಹತ್ತಿತು. ಮಿಕ್ಸರ್ ಬಂದು ಮೂರು ತಲೆಮಾರು ಕಳೆದು ಗುಂಡುಕಲ್ಲೆಂದರೇನೆಂದು ಮರೆತಿದ್ದ ಮನೆಗಳಲ್ಲಿ ಹೆರಿಗೆಯ ದಿನ ಗೊತ್ತಾಗುವ ಮೊದಲೇ ಕಲ್ಲು ಬಂದು ಕೂತಿರುತ್ತಿತ್ತು. ಕಲ್ಲುಕುಟಿಗರು ಎರಡೂವರೆಯಿಂದ ನಾಲ್ಕು ಕಿಲೋವರೆಗೆ ನುಣುಪು ಗುಂಡುಗಳನ್ನು ಕಡೆದು ಸಾಲಾಗಿ ಇಡತೊಡಗಿದರು. ಎಲ್ಲ ಜಾತಿ ಮತದವರೂ ಒಯ್ಯುತ್ತಿದ್ದರು, ಹೆಸರು ಮಾತ್ರ ತಮತಮಗೆ ಒಪ್ಪುವಂತೆ ಇಡುತ್ತಿದ್ದರು. ಗಂಗವ್ವನಿಗೆ ಇದು ತಿಳಿದಾಗ ಅವಳು ಆಶ್ಚರ್ಯಪಡಲಿಲ್ಲ. ಕಾಲ ಸುಧಾರಿಸಿದೆ ಎಂದಳು.

ನೀಲಾಂಬಿಕೆಯ ಬಲಪಾದ ಐದು ಪ್ಲಾಸ್ಟರಿಗೆ ಸರಿದಾರಿಗೆ ಬಂತು. ದಾವಲಸಾಬ ಅದಕ್ಕೆ ಪುಟ್ಟ ಬೂಟು ತೊಡಿಸಿದ. ಎಡಪಾದ ಹಟದ್ದು. ಎರಡು ಸಲ ಪ್ಲಾಸ್ಟರಿನೊಳಗೇ ಜಾರಿ ಮೊದಲಿನ ಜಾಗಕ್ಕೆ ಹೋಯಿತು. ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ದಾವಲಸಾಬ ಬೇಸರಿಸಲಿಲ್ಲ. ಇನ್ನೂ ಐದು ಹಾಕಿ, ಹಿಂಬಡಿಯ ನರವನ್ನು ಡಾಕ್ಟರು ಒಂದು ಚೂರು ಸಡಿಲಿಸಿದರೆ ಮುಗಿಯಿತು ಎಂದ. ಕೂಸಿಗೆ ಆಗ ನಾಲ್ಕು ತಿಂಗಳು. ಸುವರ್ಣಾ ಬೆರಳಲ್ಲಿ ವಾರ ಎಣಿಸಿ, ಗಂಡನ ಮನೆಗೆ ಎರಡು ನೆಟ್ಟಗಿನ ಪಾದ ಒಯ್ಯುತ್ತೇನೆ ಎಂದು ಮೊದಲ ಸಲ ನಕ್ಕಳು.

ಇತ್ತ ಮಂಡಳಿಗೆ ವರದಿಗಳು ಹೋಗುತ್ತಲೇ ಇದ್ದವು. ಕಳೆದ ಮೂರು ತಿಂಗಳಲ್ಲಿ ಹುಟ್ಟಿದ ಕೂಸುಗಳ ಬಗ್ಗೆ ಸೀಟುಗಳು ಬರೆದದ್ದನ್ನು ಓದಿ ಮಂಡಳಿಗೆ ಸಂತೋಷವೂ ಸ್ವಲ್ಪ ಆತಂಕವೂ ಆಯಿತು. ಅಳು: ಇಲ್ಲ. ಜ್ವರ: ಇಲ್ಲ. ಸೊಟ್ಟ ಪಾದ: ಸತತ ಮೂರು ತಿಂಗಳು ಸೊನ್ನೆ. ತೂಕ ಮಾತ್ರ ಒಂದು ಗುಂಜಿಯೂ ಏರುತ್ತಿರಲಿಲ್ಲ. ಆದ್ದರಿಂದ ಮಂಡಳಿ ಒಂದೇ ದಿನ ಎರಡು ಆದೇಶ ಹೊರಡಿಸಿತು. ಹೊಸದಾಗಿ ಹುಟ್ಟಿದ ಎಲ್ಲ ಕೂಸುಗಳ ಮನೆಗೆ ಮೊಳಕೆ ರಾಗಿ ಹಿಟ್ಟಿನ ಪೊಟ್ಟಣ ಕಳಿಸುವುದು. ಸೊಟ್ಟ ಪಾದವು ನಾಡಿನಿಂದ ನಿರ್ಮೂಲವಾದುದರಿಂದ ಪಾದ ಚಿಕಿತ್ಸಾಲಯಗಳನ್ನು ಮುಚ್ಚುವುದು. ಹಳೆಯ ರೋಗಿಗಳಿಗಾಗಿ ಬೆಂಗಳೂರಿನಲ್ಲಿ ಒಂದನ್ನು ಮಾತ್ರ ಉಳಿಸುವುದು. ಹುಬ್ಬಳ್ಳಿಯಲ್ಲಿ ದಾವಲಸಾಬನಿಗೆ ಹಾರ ಹಾಕಿದರು. ಬೀಗ ಹಾಕುವ ಹೊತ್ತಿಗೆ ಒಳಗಿನ ಬೆಂಚಿನ ಮೇಲೆ ಹದಿನಾಲ್ಕು ಜನ ತಾಯಂದಿರು ಕೂತಿದ್ದರು. ಅವರನ್ನು ಎಬ್ಬಿಸಲು ಅವನೇ ಹೋಗಬೇಕಾಯಿತು.

ಬೆಂಗಳೂರಿನ ಚಿಕಿತ್ಸಾಲಯ ಕೂಸಿನ ಸೀಟಿನ ವರದಿ ಕೇಳಿತು. ಅಡಿವೆಪ್ಪನವರು ಕಳಿಸಿದರು. ವರದಿಯಲ್ಲಿ ಹೀಗಿತ್ತು: ತೂಕ ಮೂರು ಕಿಲೋ ಮುನ್ನೂರು. ಎದೆಬಡಿತ ಇಲ್ಲ, ಸ್ವಭಾವತಃ. ಪಾದಗಳು: ಇಲ್ಲ. ಪಾದಗಳೇ ಇಲ್ಲದವರಿಗೆ ತಮ್ಮಲ್ಲಿ ಚಿಕಿತ್ಸೆಯಿಲ್ಲವೆಂದು ವಿಷಾದದಿಂದ ಉತ್ತರ ಬಂತು.

ಎಡಗಾಲಿನ ಪ್ಲಾಸ್ಟರಿನ ವಾರ ಮುಗಿದಿತ್ತು. ಬೆರಳ ತುದಿಗಳು ನೀಲಿಯಾಗತೊಡಗಿದ್ದವು. ಅಡಿವೆಪ್ಪನವರು ಬಕೆಟ್ಟಿನಲ್ಲಿ ಬೆಚ್ಚಗಿನ ನೀರು ತಂದು, ಕೂಸಿನ ಕಾಲನ್ನು ಅದರಲ್ಲಿ ಅದ್ದಿ ಹಿಡಿದು, ಪಟ್ಟಿ ಮೆತ್ತಗಾದ ಹಾಗೆ ಒಂದೊಂದೇ ಸುತ್ತು ಬಿಚ್ಚಿದರು. ಎರಡು ತಾಸು ಹಿಡಿಯಿತು. ಸುವರ್ಣಾ ತಲೆಬಾಗಿಲ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು. ಕೊನೆಯ ಸುತ್ತು ಬಿಚ್ಚಿದಾಗ ಒಳಗಿನ ಪುಟ್ಟ ಪಾದ ಅರ್ಧದಷ್ಟು ಹೊರಗೆ ತಿರುಗಿತ್ತು. ಕೈ ಬಿಟ್ಟರೆ ಮೆಲ್ಲಗೆ ಒಳಕ್ಕೆ ಹೋಗುತ್ತಿತ್ತು. ಅವರು ಅದನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡು ಬಹಳ ಹೊತ್ತು ಕೂತರು.

ಮಾರನೆಯ ದಿನ ಮತ್ತೆ ಧಾರವಾಡ. ಡಾ. ಇನಾಮದಾರರ ಗೋಡೆಯ ಮೇಲೆ ಕಡತಗಳಿರಲಿಲ್ಲ, ಹೊಸ ಪ್ರಶಸ್ತಿಯೊಂದಿತ್ತು. ಅಡಿವೆಪ್ಪನವರು ನಿಂತುಕೊಂಡೇ ಎಲ್ಲವನ್ನೂ ಹೇಳಿ, ಸೀಟುಗಳಲ್ಲಿರುವುದು ಕೂಸುಗಳಲ್ಲ, ಕಲ್ಲುಗಳು, ಶುರುಮಾಡಿದವನು ತಾನೇ ಎಂದರು.

“ನನಗ ಎರಡನೇ ತಿಂಗಳಿಗೇ ಗೊತ್ತಾಗಿತ್ರಿ,” ಎಂದರು ಡಾಕ್ಟರು. “ಹುಟ್ಟಿದ ಅಷ್ಟು ಕೂಸುಗಳಾಗ ಒಂದೂ ಸೀನಿರಲಿಲ್ಲ.”

“ಮತ್ತ ಯಾಕ ಹೇಳಲಿಲ್ರಿ ಬಾಯಾರ?”

“ದೂರು ಬರೂದು ನಿಂತಿತ್ತು. ಇಷ್ಟು ವರ್ಷದಾಗ ಮೊದಲನೇ ಸಲ ಯಾರೂ ನನ್ನ ಬೈದಿರಲಿಲ್ಲ.” ಅವರು ಪ್ರಶಸ್ತಿಯ ಕಡೆ ನೋಡಲಿಲ್ಲ. “ನಿಮ್ಮ ಮೊಮ್ಮಗಳ ಕಾಲು ನೆಟ್ಟಗ ಆಗಿರಬೇಕು ಅಂದ್ಕೊಂಡಿದ್ದೆ.”

“ಒಂದು ಆಗೇತ್ರಿ.”

ಡಾಕ್ಟರು ಅಂದೇ ಮಂಡಳಿಗೆ ಬರೆದರು: ನಾಡಿನ ಬಹುಪಾಲು ಹೊಸ ಮಡಿಲಾಸನಗಳು ಕಲ್ಲನ್ನು ಕಲಿತಿವೆ, ವರದಿಗಳನ್ನು ನಂಬಬೇಡಿ, ಚಿಕಿತ್ಸಾಲಯಗಳನ್ನು ತೆರೆಯಿರಿ. ಮಂಡಳಿ ಪುರಾವೆ ಕೇಳಿತು. ಕಲ್ಲಿಟ್ಟಿದ್ದೇನೆಂದು ಬರೆದುಕೊಡುವವರು ಬೇಕಿತ್ತು, ಬರೆದುಕೊಟ್ಟವರ ಸೀಟನ್ನು ವಿಚಾರಣೆ ಮುಗಿಯುವ ತನಕ ಮಂಡಳಿ ಒಯ್ಯುತ್ತಿತ್ತು. ಸೀಟು ಹೋದರೆ ಕೂಸು ಎಲ್ಲಿಗೂ ಹೋಗುವಂತಿಲ್ಲ. ಕಾಶವ್ವ ಬೇಡವೆಂದಳು. ಬೆಂಚಿನ ಮೇಲೆ ಕೂತಿದ್ದ ಹದಿನಾಲ್ಕು ಜನರನ್ನು ನೆನೆಸಿ ಸುವರ್ಣಾ ಬರೆಯಿರಿ ಎಂದಳು. ಅಡಿವೆಪ್ಪನವರು ಕನ್ನಡಕ ಹಾಕಿಕೊಂಡು, ತಪ್ಪಿಲ್ಲದಂತೆ ನಿಧಾನವಾಗಿ ಬರೆದು, ಕೆಳಗೆ ತಮ್ಮ ಹೆಸರನ್ನೂ ಹಳೆಯ ಬ್ಯಾಜ್ ಸಂಖ್ಯೆಯನ್ನೂ ಹಾಕಿದರು. ಬ್ಯಾಜ್ ಸಂಖ್ಯೆಯನ್ನು ಯಾರೂ ಕೇಳಿರಲಿಲ್ಲ.

ಸೋಮವಾರ ಇಬ್ಬರು ಬಂದು ಗುಂಡಪ್ಪನ ಸಮೇತ ಸೀಟನ್ನು ಒಯ್ದರು. ಪಟ್ಟಿಗಳನ್ನು ಬಿಡಿಸಲು ಅವರಿಗೆ ಆಗಲಿಲ್ಲ.

ವಿಚಾರಣೆ ಹದಿನಾಲ್ಕು ತಿಂಗಳು ನಡೆಯಿತು. ಅಡಿವೆಪ್ಪನವರ ಹೇಳಿಕೆಯನ್ನು ಆಧಾರವಾಗಿಟ್ಟುಕೊಂಡು ಮಂಡಳಿ ಕೊನೆಗೆ ಹುಬ್ಬಳ್ಳಿಯ ಪಾದ ಚಿಕಿತ್ಸಾಲಯವನ್ನು ಮತ್ತೆ ತೆರೆಯಿತು, ಸೀಟನ್ನು ಗುಂಡಪ್ಪನ ಸಮೇತ ಮರಳಿಸಿತು. ಸುವರ್ಣಾ ಆ ಹೊತ್ತಿಗೂ ತವರಿನಲ್ಲೇ ಇದ್ದಳು. ದಾವಲಸಾಬ ಮೊದಲ ದಿನವೇ ತಾಯಿ ಮಗಳನ್ನು ಕರೆಸಿದ. ನೀಲಾಂಬಿಕೆಯ ಎಡಪಾದವನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ ನೋಡಿದ, ಇನ್ನೊಮ್ಮೆ ಒತ್ತಿ ನೋಡಿದ, ಆಮೇಲೆ ಕಾಲುಚೀಲ ಹಾಕಿ ಕಳಿಸಿದ.

ಕೂಸು ಈಗ ನಡೆಯುತ್ತದೆ. ಬಲಗಾಲು ನೆಟ್ಟಗಿದೆ. ಎಡಗಾಲು ಸೊಟ್ಟಗೇ ಉಳಿಯಿತು.